ಒಲೆಬೂದಿಗೆ ಸಲ್ಲದ ಹೊಗಳಿಕೆ

ಸಿಮೆಂಟಿನಲ್ಲಿ ಶೇ 10ರಷ್ಟು ತೆಗೆದು ಕಟ್ಟಿಗೆಯ ಬೂದಿ ಬೆರೆಸಿದರೂ ಕಾಂಕ್ರೀಟಿನ ಬಲ ಕುಗ್ಗದು ಎಂಬ ಮಾತು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ಕೀರ್ತಿ ಒಲೆಬೂದಿಯ ಸ್ವಂತ ಗಳಿಕೆಯಲ್ಲ, ಹಾರುಬೂದಿಯಿಂದ ಕಡ ತಂದದ್ದು. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿದು ಬರುವ ಹಾರುಬೂದಿಯಲ್ಲಿ ಸಿಲಿಕಾ, ಅಲ್ಯುಮಿನಾಗಳೇ ಹೆಚ್ಚು. ಸಿಮೆಂಟು ನೀರಿನೊಡನೆ ಸೇರಿದಾಗ ಹೊರಬೀಳುವ ಸುಣ್ಣವನ್ನು ಅವು ಹಿಡಿದು ಗಟ್ಟಿ ಬಂಧವಾಗಿಸುತ್ತವೆ. ಜಾಲಿ, ಹತ್ತಿಕಟ್ಟಿಗೆಯ ಬೂದಿಯಲ್ಲಾದರೋ ಸುಣ್ಣ, ಪೊಟ್ಯಾಷ್‌ಗಳೇ ಮುಂದು, ಸಿಲಿಕಾ ಹಿಂದು. ಹಾರುಬೂದಿ ಮಾಡುವ ಕೆಲಸ ಇದರಿಂದ ಆಗುವುದಾದರೂ ಹೇಗೆ?

ಹೊಗಳುವವರು ಮುಂದಿಡುವ ಮುಖ್ಯ ಸಾಕ್ಷಿ 150 ಮಿಲಿಮೀಟರಿನ ಘನ. 28 ದಿನ ನೀರಲ್ಲಿಟ್ಟು ಒಡೆದು ಬರೆದ ಅಂಕಿ. ಆ ಅಂಕಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಪ್ರಯೋಗಾಲಯದಲ್ಲಿ ಬೂದಿಯನ್ನು ಜರಡಿ ಹಿಡಿದಿರುತ್ತಾರೆ, ನೀರನ್ನು ತೂಗಿರುತ್ತಾರೆ. ಆದರೆ ಇದ್ದಿಲ ಚೂರು ಉಳಿದ ಬೂದಿ ನೀರು ಹೀರುತ್ತದೆ, ಮಾಲು ಬಿಗಿಯಾಗುತ್ತದೆ. ಅಸುಂಡಿಯಂಥ ಹಳ್ಳಿಯಲ್ಲಿ ಸ್ಲ್ಯಾಬ್ ಹಾಕುವ ದಿನ ಹೀಗಾದರೆ ಗೌಂಡಿ ಇನ್ನೊಂದು ಕೊಡ ನೀರು ಸುರಿಯದೆ ಬಿಡುತ್ತಾನೆಯೇ? ಬಲ ಹೋಗುವುದು ಅಲ್ಲಿ. ಇನ್ನು ಚೀಲ ಪಿಪಿಸಿ ಎಂಬ ಮಿಶ್ರ ಸಿಮೆಂಟಿನದಾಗಿದ್ದರೆ ಅದರಲ್ಲಿ ಶೇ 15ರಿಂದ 35ರವರೆಗೆ ಹಾರುಬೂದಿ ಮೊದಲೇ ಸೇರಿರುತ್ತದೆ. ಅದರಲ್ಲೂ ಹತ್ತನೇ ಒಂದು ಭಾಗ ಕಡಿಮೆ ಮಾಡುವುದೆಂದರೆ ಸಿಮೆಂಟಿನ ಮೂಲವಸ್ತು ಕ್ಲಿಂಕರಿಗೆ ಎರಡನೇ ಬಾರಿ ಕತ್ತರಿ. ಎಲ್ಲಕ್ಕಿಂತ ನನ್ನನ್ನು ಕಾಡುವುದು ಪೊಟ್ಯಾಷ್. ಜಲ್ಲಿಯಲ್ಲಿ ಕ್ಷಾರಕ್ಕೆ ಕರಗುವ ಬಗೆಯ ಸಿಲಿಕಾ ಇದ್ದರೆ ಅಂಟುಪದಾರ್ಥ ಹುಟ್ಟಿ, ತೇವ ಹೀರಿ ಉಬ್ಬಿ, ಕಾಂಕ್ರೀಟನ್ನು ಒಳಗಿಂದ ಸೀಳುತ್ತದೆ. ಅದಕ್ಕೆ ವರ್ಷಗಳು ಬೇಕು; 28ನೇ ದಿನ ಕಾಣಿಸದು. ಒಳ್ಳೆಯ ಹಾರುಬೂದಿ ಈ ರೋಗವನ್ನು ತಡೆಯುತ್ತದೆ, ಕಟ್ಟಿಗೆಬೂದಿ ಅದಕ್ಕೆ ಮೇವು ಒದಗಿಸಬಲ್ಲದು.

ರೋಮನರೂ ಬೂದಿಯಿಂದಲೇ ಕಟ್ಟಿದರಲ್ಲ ಎನ್ನುವವರಿದ್ದಾರೆ. ಅವರು ಬಳಸಿದ್ದು ಜ್ವಾಲಾಮುಖಿಯ ಬೂದಿ, ಸಿಲಿಕಾ ತುಂಬಿದ್ದು. ಬೆರೆಸಿದ್ದು ಸುಣ್ಣಕ್ಕೆ, ಒಳಗೆ ಕಬ್ಬಿಣದ ಸರಳಿಲ್ಲ. ನಮ್ಮ ಗಾರೆಯ ಪರಂಪರೆಯನ್ನು ಎಳೆದು ತರುವ ವಾದವೂ ಇಷ್ಟೇ ಸಡಿಲ. ಕೃಷ್ಣರಾಜಸಾಗರವನ್ನು ನಿಲ್ಲಿಸಿದ ಸುರ್ಕಿ ಗಾರೆಯಲ್ಲಿದ್ದದ್ದು ಸುಟ್ಟ ಮಣ್ಣಿನ ಪುಡಿ, ಒಲೆಯ ಬೂದಿಯಲ್ಲ. ಹಳೆಯ ಕಟ್ಟಡಗಳ ಮೇಲೆ ಗೌರವವಿರುವವರು ಅವುಗಳಲ್ಲಿ ಏನಿತ್ತೆಂದು ಮೊದಲು ನೋಡಬೇಕು. ಪರಂಪರೆಯ ಹೆಸರಿನಲ್ಲಿ ಪರಂಪರೆಯನ್ನೇ ತಪ್ಪಾಗಿ ಓದುವ ಈ ವಾದ ಮಾಡುವವರು ಪ್ರಾಜೆಕ್ಟ್ ಬರೆದ ಹುಡುಗರಿಗಿಂತ ಹೆಚ್ಚಿನ ಹಾನಿ ಮಾಡುತ್ತಿದ್ದಾರೆ.

ಹೇಗೂ ತಿಪ್ಪೆಗೆ ಹೋಗುವ ಬೂದಿ, ಪುಕ್ಕಟೆ ತಾನೆ ಎಂಬ ಆಕ್ಷೇಪ ಉಳಿಯುತ್ತದೆ. ಕಟ್ಟಿಗೆ ಉರಿದರೆ ಉಳಿಯುವ ಬೂದಿ ಒಣತೂಕದ ಶೇ 1ರ ಆಸುಪಾಸು. ನೂರು ಚೀಲದ ಮನೆಗೆ ಶೇ 10 ಎಂದರೆ 500 ಕಿಲೊ ಬೂದಿ, ಅಂದರೆ ಸುಮಾರು 50 ಟನ್ ಕಟ್ಟಿಗೆ. ಅಷ್ಟನ್ನು ಕೂಡಿಹಾಕಲು ಹತ್ತಾರು ಒಲೆಗಳ ಬೂದಿ ಬೇಕು, ಒಂದೊಂದು ಒಲೆಯದೂ ಒಂದೊಂದು ಗುಣ. ಹಾದಿಯ ಕಟ್ಟೆಗೋ ಹಿತ್ತಿಲ ಗೋಡೆಗೋ ಬೆರೆಸುವುದಕ್ಕೆ ನನ್ನ ತಕರಾರಿಲ್ಲ. ತಲೆಯ ಮೇಲಿನ ಸ್ಲ್ಯಾಬಿಗೆ ಮಾತ್ರ ಬೇಡ. ಬೂದಿಯ ಮೇಲೆ ಇಷ್ಟು ಪ್ರೀತಿಯಿದ್ದರೆ ಕೊಪ್ಪಳ ಜಿಲ್ಲೆಯ ಗಂಗಾವತಿಯ ಅಕ್ಕಿ ಗಿರಣಿಗಳತ್ತ ನೋಡಲಿ. ಭತ್ತದ ಹೊಟ್ಟಿನ ಬೂದಿಯಲ್ಲಿ ಶೇ 85ಕ್ಕೂ ಮೇಲೆ ಸಿಲಿಕಾ ಇರಬಲ್ಲದು. ಸುಮಾರು 700 ಡಿಗ್ರಿ ಸೆಲ್ಸಿಯಸ್ ದಾಟದಂತೆ ಸುಟ್ಟು ನುಣ್ಣಗೆ ಅರೆದರೆ ಅದು ಸುಣ್ಣದೊಡನೆ ಚುರುಕಾಗಿ ಕೂಡುತ್ತದೆ. ಕಾಂಕ್ರೀಟಿನ ಐಎಸ್ 456 ಸಂಹಿತೆಯೇ 2000ರ ಆವೃತ್ತಿಯಲ್ಲಿ ಅದನ್ನು ಹೆಸರಿಸಿ, ಅನುಮೋದನೆ ಪಡೆದು ಬಳಸಲು ದಾರಿ ಬಿಟ್ಟಿದೆ.