ಮುಂದೂಡುವುದಲ್ಲ, ಮನ್ನಾ ಮಾಡುವುದು

2004ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಜೇಕ್ ಸ್ನೇಕನ್‌ಬರ್ಗ್ ಎಂಬ ಹೈಸ್ಕೂಲ್ ಹುಡುಗ ಫುಟ್‌ಬಾಲ್ ಆಡುವಾಗ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಆ ಸಾವಿನ ನೋವಿನಲ್ಲಿ ಶಾಲಾ ಮನಶ್ಶಾಸ್ತ್ರಜ್ಞೆ ಕರೆನ್ ಮೆಕ್‌ಅವೊಯ್ ರೂಪಿಸಿದ್ದು, ತಲೆಗೆ ಪೆಟ್ಟು ಬಿದ್ದ ಮಕ್ಕಳನ್ನು ಹದವಾಗಿ ಶಾಲೆಗೆ ಮರಳಿಸುವ 'ರೀಪ್' ಎಂಬ ಕ್ರಮ. ಹೊರೆ ಇಳಿಸು, ತಿಳಿಹೇಳು, ಹೊಂದಿಸಿಕೊಡು, ಹದವರಿತು ಮುಂದೆ ಸಾಗು: ಇವೇ ಅದರ ನಾಲ್ಕು ಮೆಟ್ಟಿಲು.

ಇದರ ನಿಜವಾದ ಸತ್ವ ಮೊದಲ ಮೆಟ್ಟಿಲಲ್ಲಿದೆ. ಪೆಟ್ಟು ತಿಂದ ಮಿದುಳಿಗೆ ಓದು ಕೂಡ ದುಡಿಮೆಯೇ. ಇಪ್ಪತ್ತು ಲೆಕ್ಕದ ಜಾಗದಲ್ಲಿ ಐದು ಸಾಕು. ಟ್ಯೂಬ್‌ಲೈಟ್ ಚುಚ್ಚಿದರೆ ತರಗತಿಯಲ್ಲೂ ಟೋಪಿ ಇರಲಿ. ಕಾರಿಡಾರಿನ ಗದ್ದಲಕ್ಕೆ ಮುಂಚೆ ಐದು ನಿಮಿಷ ಬೇಗ ಬಿಡಿ. ಇಂಥ ಸಣ್ಣ ರಿಯಾಯಿತಿಗೆ ಯಾವ ಕಡತವೂ ಬೇಡ, ಮೇಷ್ಟರ ಮನಸ್ಸು ಸಾಕು. ಆದರೆ ಕರುಣೆಯುಳ್ಳ ಮೇಷ್ಟರೂ ಎಡವುವುದು ಒಂದು ಕಡೆ: 'ಆಮೇಲೆ ಬರೆದುಕೊಡು' ಎನ್ನುತ್ತಾರೆ. ಮೂರು ವಾರದ ಹೋಮ್‌ವರ್ಕ್ ಸಾಲದ ಹಾಗೆ ಬೆಳೆದು, ತಲೆನೋವು ಇಳಿಯುವ ಹೊತ್ತಿಗೆ ಮಗುವಿನ ಎದೆಯ ಮೇಲೆ ಕೂರುತ್ತದೆ. ಮುಂದೂಡಿದರೆ ಹೊರೆ ಇಳಿಯದು, ಮನ್ನಾ ಮಾಡಬೇಕು.

ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಹಳೆಯ ಪಥ್ಯವನ್ನೂ ಈಗ ತಜ್ಞರು ಒಪ್ಪುವುದಿಲ್ಲ. ಒಂದೆರಡು ದಿನದ ಹಗುರ ವಿಶ್ರಾಂತಿ, ಆಮೇಲೆ ತಾಳಿಕೊಳ್ಳುವಷ್ಟು ಶಾಲೆ ಎನ್ನುವುದು ಆಟದಲ್ಲಿ ತಲೆಗೆ ಬೀಳುವ ಪೆಟ್ಟಿನ ಕುರಿತ 2022ರ ಆಮ್‌ಸ್ಟರ್‌ಡ್ಯಾಮ್ ಸಮ್ಮೇಳನದ ಸಲಹೆ. ಹೆಚ್ಚಿನ ಮಕ್ಕಳು ಸುಮಾರು ಒಂದು ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾರೆ. 'ಹದವರಿತು ಸಾಗು' ಎಂಬ ರೀಪ್‌ನ ಮಾತು ಇದಕ್ಕೆ ಚೆನ್ನಾಗಿಯೇ ಹೊಂದುತ್ತದೆ.

ರೀಪ್‌ನ ಕೊರತೆ ಇರುವುದು ಬಾಗಿಲಲ್ಲಿ: ಮಗುವನ್ನು ಅದರೊಳಗೆ ಕರೆತರುವವರು ಯಾರು ಎಂಬಲ್ಲಿ. ಜೇಕ್ ಹೆಸರಿನ ಕೊಲೊರಾಡೊದ 2011ರ ಕಾನೂನಿನ ಕಣ್ಣು ಮೈದಾನದ ಮೇಲೆ: ಕೋಚ್‌ಗೆ ತರಬೇತಿ ಬೇಕು, ಶಂಕೆ ಬಂದರೆ ಆಟಗಾರ ಹೊರಗೆ ಕೂರಬೇಕು, ವೈದ್ಯರು ಬರೆದುಕೊಡದೆ ಮರಳುವಂತಿಲ್ಲ. ಸೈಕಲ್ಲಿನಿಂದ ಬಿದ್ದ ಹುಡುಗಿಗೆ ಕೋಚ್ ಇಲ್ಲ, ಸೀಟಿ ಊದುವವರೂ ಇಲ್ಲ. ತಿಂಗಳು ಕಳೆದರೂ ಓದಿದ್ದು ತಲೆಗೆ ಹತ್ತದಿದ್ದಾಗ ಅವಳನ್ನು 'ಸೋಮಾರಿ' ಎನ್ನುವುದೇ ಸುಲಭ. ಮೇಲುನೋಟಕ್ಕೆ ಅವಳಿಗೇನೂ ಆಗಿಲ್ಲವಲ್ಲ! 2007ರಲ್ಲಿ ಪೆನ್ಸಿಲ್ವೇನಿಯಾ ಶುರುಮಾಡಿದ 'ಬ್ರೇನ್‌ಸ್ಟೆಪ್ಸ್' ಎಂಬ ಕಾರ್ಯಕ್ರಮ ಇಲ್ಲಿ ಒಂದು ಹೆಜ್ಜೆ ಮುಂದಿದೆ. ಪೆಟ್ಟು ಎಲ್ಲಿ ಬಿತ್ತೆಂದು ನೋಡದೆ, ಶಾಲೆ ಮುಗಿಯುವ ತನಕ ಸಲಹಾ ತಂಡ ಜೊತೆಗಿರುತ್ತದೆ. ಮುಂದೆ ಕೊಲೊರಾಡೊ ಕೂಡ ಅದನ್ನು ತಂದುಕೊಂಡಿತು. ರೀಪ್‌ನ ಕೊರತೆಗೆ ಅದರ ತವರೇ ಕೊಟ್ಟ ಸಾಕ್ಷಿ ಇದು.