ಮಧುಗಿರಿ ಮಕ್ಕಳಿಗೆ ಎಂಥಾ ಸಮುದ್ರ?

ನಮ್ಮ ಕಡೆ ಗೋಡೆ ಮೇಲಿನ ಸಮುದ್ರಕ್ಕೇನೂ ಬರ ಇಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದರೆ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಒಂದು ಶೈಕ್ಷಣಿಕ ಜಿಲ್ಲೆ. ಮಳೆ ಲೆಕ್ಕದಲ್ಲಿ ನಾಲ್ಕೂ ಒಣಸೀಮೆ. ಆದರೂ ಚಿಕ್ಕ ಮಕ್ಕಳು ಕೂರುವ ಕೋಣೆಗಳಲ್ಲಿ ಗೋಡೆಗೆ ನೀಲಿ ಬಳಿದು ಡಾಲ್ಫಿನ್, ಶಾರ್ಕ್, ಆಕ್ಟೋಪಸ್, ನಕ್ಷತ್ರಮೀನು ಬರೆದಿರುತ್ತಾರೆ. ಕೆಳಗಡೆ ಕೆಂಪು-ಹಳದಿ ಪೊದೆಯಂಥದ್ದು ಏನೋ ಇರುತ್ತೆ. ಅದೇ ಹವಳ. ಅಂಗಡಿಯ ಚಾರ್ಟಿನಲ್ಲೂ, ಐವತ್ತು ರೂಪಾಯಿಯ ಚಿತ್ರಪುಸ್ತಕದಲ್ಲೂ ಇದೇ ಸಮುದ್ರ. ಈ ಸಮುದ್ರದ ಬಗ್ಗೆ ನನ್ನದೊಂದು ತಕರಾರಿದೆ.

ಮೊದಲು, ನನ್ನದಲ್ಲದ ತಕರಾರು ಯಾವುದು ಅಂತ ಹೇಳಿಬಿಡ್ತೀನಿ. "ಕೆರೇಲೇ ನೀರಿಲ್ಲದ ಊರಿನ ಮಕ್ಕಳಿಗೆ ಹವಳದ ದಿಬ್ಬ ಯಾಕ್ರೀ, ಹತ್ತಿರದ್ದನ್ನ ಹೇಳಿಕೊಡಿ" ಅನ್ನೋರು ತುಂಬಾ ಜನ ಇದ್ದಾರೆ. ಕೇಳೋಕೆ ನ್ಯಾಯವಾಗೇ ಇದೆ. ಆದರೆ ಇದರ ಅರ್ಥ ಬಡ ಊರಿನ ಮಗುವಿನ ಪ್ರಪಂಚ ಅದರ ಊರಿನಷ್ಟೇ ಇರಲಿ ಅಂತ. ಶಿವರಾಮ ಕಾರಂತರು 1936ರಲ್ಲೇ ಮೂರು ಸಂಪುಟಗಳ 'ಬಾಲ ಪ್ರಪಂಚ' ತಂದಾಗ ಕನ್ನಡದ ಮಗುವಿಗೆ ಇಡೀ ಪ್ರಪಂಚ ಬೇಕು ಅಂದುಕೊಂಡೇ ತಂದದ್ದು. ಅದೂ ಅಲ್ಲದೆ ಸಮುದ್ರ ನಮಗೆ ಅಷ್ಟೇನೂ ದೂರದ್ದಲ್ಲ. ಸಾರಿನ ಉಪ್ಪು ಅಲ್ಲಿಂದ ಬಂದದ್ದು, ಸಂತೆಯ ಒಣಮೀನೂ ಅಲ್ಲಿಂದಲೇ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿ ಸೇರುತ್ತೆ. ಪಿನಾಕಿನಿ ನೆಲ್ಲೂರಿನ ಕಡೆ ಬಂಗಾಳಕೊಲ್ಲಿಗೆ ಬೀಳುತ್ತೆ. ಹರಿದ ವರ್ಷ ನಮ್ಮ ಹಳ್ಳದ ನೀರಿನ ದಾರಿಯೂ ಸಮುದ್ರದ ಕಡೆಗೇ.

ಹಾಗಾಗಿ ಸಮುದ್ರ ಬೇಕು. ಎಂಥಾ ಸಮುದ್ರ ಅನ್ನೋದೇ ಪ್ರಶ್ನೆ.

ಚಾರ್ಟಿನ ಸಮುದ್ರದಲ್ಲಿ ಎಲ್ಲವೂ ಒಂದೇ ಅಳತೆ. ತಿಮಿಂಗಿಲವೂ ಅಂಗೈಯಗಲ, ಏಡಿಯೂ ಅಂಗೈಯಗಲ. ಯಾರು ಯಾರನ್ನ ತಿಂತಾರೆ, ಯಾರು ಯಾರ ಮನೇಲಿ ಇರ್ತಾರೆ, ಒಂದು ಮಾತೂ ಇಲ್ಲ. ಮಗು ಬೆರಳಿಟ್ಟು ಹೆಸರು ಹೇಳಬೇಕು, ನಾವು "ಶಭಾಷ್" ಅನ್ನಬೇಕು. ಹೀಗೆ ಹತ್ತು ಹೆಸರು ಬಾಯಿಪಾಠ ಆದ ಮಗುವಿಗೆ ಸಮುದ್ರ ಗೊತ್ತಾಯ್ತು ಅಂತ ತಿಳಿಯೋದು, ಪಡಿತರ ಚೀಟಿ ಓದಿ ಮನೆಯವರ ಪರಿಚಯ ಆಯ್ತು ಅಂದಂಗೆ.

ಸಿನಿಮಾ ಇದಕ್ಕಿಂತ ವಾಸಿ. 2003ರ 'ಫೈಂಡಿಂಗ್ ನೀಮೋ' ಇವತ್ತು ಹಳ್ಳಿ ಮಕ್ಕಳಿಗೂ ಮೊಬೈಲಿನಲ್ಲಿ ಸಿಗುತ್ತೆ. ಅಪ್ಪ ಮೀನು ಮತ್ತು ಮಗ ಮೀನು ತಮ್ಮ ಮನೆಯಾದ ಕಡಲ ಹೂವಿನಿಂದ ಹೊರಗೆ ಬರೋದು, ಒಳಗೆ ಹೋಗೋದು, ಮೈ ಸವರಿಸಿಕೊಳ್ಳೋದು ಚೆನ್ನಾಗಿದೆ, ಅದರ ಹಿಂದೆ ವಿಜ್ಞಾನವೂ ಇದೆ. ಆ ಹೂವು ಹೂವಲ್ಲ, ಕುಟುಕುವ ಪ್ರಾಣಿ. ಈ ಜಾತಿಯ ಮೀನಿಗೆ ಮೈಮೇಲಿನ ಲೋಳೆಯೇ ರಕ್ಷೆ. ಆದರೆ ಒಂದು ವಿಚಿತ್ರ ನೋಡಿ. ನೀಮೋನ ಅಮ್ಮನ ಹೆಸರು ಕೋರಲ್, ಅಂದರೆ ಹವಳ. ಅವಳು ಮೊದಲ ಕೆಲವು ನಿಮಿಷಗಳಲ್ಲೇ ಸಾಯ್ತಾಳೆ. ಆಮೇಲೆ ನಿಜವಾದ ಹವಳಕ್ಕೆ ಇಡೀ ಕಥೆಯಲ್ಲಿ ಪಾತ್ರವೇ ಇಲ್ಲ, ನಾಟಕದ ಹಿಂದಿನ ಪರದೆ ಥರ ಸುಮ್ಮನೆ ನಿಂತಿರುತ್ತೆ. ಮೀನು ಮಾತಾಡುತ್ತೆ, ಆಮೆ ಮಾತಾಡುತ್ತೆ. ಊರು ಕಟ್ಟಿದವರು ಮಾತ್ರ ಮೂಕರು.

ನಮ್ಮದೇ ಸಮುದ್ರವನ್ನ ನಮ್ಮ ಮಕ್ಕಳಿಗೆ ಮುಟ್ಟಿಸಿದ್ದು 2022ರ 'ಗಂಧದ ಗುಡಿ'. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಹತ್ತಿರ ಪುನೀತ್ ನೀರಿಗಿಳಿಯುವ ಭಾಗ ಬಂದಾಗ ಮಕ್ಕಳ ಕಣ್ಣು ಮೀನಿಗಿಂತ ಹೆಚ್ಚಾಗಿ ಅಪ್ಪು ಮೇಲೇ ಇತ್ತು. ಇರಲಿ ಬಿಡಿ. ಹವಳ ಇರೋದು ಎಲ್ಲೋ ಆಸ್ಟ್ರೇಲಿಯಾದಲ್ಲಿ ಮಾತ್ರ ಅಲ್ಲ, ಕರ್ನಾಟಕದ ನೀರಿನಲ್ಲೂ ಉಂಟು ಅಂತ ಇಷ್ಟು ಜನಕ್ಕೆ ಒಂದೇ ಸಲಕ್ಕೆ ತೋರಿಸಿದ್ದು ಸಣ್ಣ ಕೆಲಸವಲ್ಲ. ಆದರೆ ಆ ಸಿನಿಮಾಕ್ಕೆ ಹೋಗಬೇಕಾದ ಜಾಗಗಳು ಬಹಳ. ಅದು ನಿಲ್ಲಲ್ಲ, ಮುಂದಕ್ಕೆ ಹೋಗುತ್ತೆ. ನಿಲ್ಲೋ ಕೆಲಸ ಪುಸ್ತಕದ್ದು, ಮೇಷ್ಟ್ರದ್ದು.

ಹಾಗೆ ನಿಂತು ಹೇಳಲು ಹೊರಟರೆ ಮೊದಲು ಕಾಲಿಗೆ ತೊಡರೋದು ಭಾಷೆ. "ಹವಳ" ಅಂದರೆ ನಮ್ಮ ಮಗುವಿಗೆ ಅಜ್ಜಿಯ ಸರದ ಕೆಂಪು ಮಣಿ. ಒಡವೆಯ ಆ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ ಕಡೆಯ ಬೇರೆ ಜಾತಿ, ಅದು ದಿಬ್ಬ ಕಟ್ಟೋದಿಲ್ಲ. "ಹವಳದ ಬಂಡೆ" ಅಂದರಂತೂ ಕೆಟ್ಟಿತು. ಏಕಶಿಲೆಯ ಬೆಟ್ಟದ ಬುಡದಲ್ಲಿ ಹುಟ್ಟಿದ ಮಧುಗಿರಿ ಮಗುವಿಗೆ ಬಂಡೆ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಬಂಡೆ ತಿನ್ನಲ್ಲ, ಬೆಳೆಯಲ್ಲ, ಸಾಯಲ್ಲ. ಹವಳ ಈ ಮೂರನ್ನೂ ಮಾಡುತ್ತೆ. ಒಂದೇ ಪದದಲ್ಲಿ ನಾವು ಇಡೀ ಪಾಠವನ್ನ ಕೊಂದಿರುತ್ತೇವೆ.

ಹಾಗಿದ್ರೆ ಹೇಗೆ ಹೇಳೋದು? ಹವಳ ಒಂದು ಪುಟಾಣಿ ಮೆತ್ತನೆ ಪ್ರಾಣಿ, ಬಹಳಷ್ಟು ಜಾತಿಗಳಲ್ಲಿ ರಾಗಿ ಕಾಳಿನಿಂದ ಕಡಲೆ ಕಾಳಿನಷ್ಟು. ಅದಕ್ಕಿರೋದು ಒಂದೇ ಬಾಯಿ. ತಿನ್ನೋದೂ ಅಲ್ಲೇ, ಹೊರಹಾಕೋದೂ ಅಲ್ಲೇ. ಇಷ್ಟು ಹೇಳಿದರೆ ಸಾಕು, ಒಂದನೇ ಕ್ಲಾಸು ಹೊಟ್ಟೆ ಹಿಡಿದು ನಗುತ್ತೆ, ಜನ್ಮದಲ್ಲಿ ಮರೆಯಲ್ಲ. ಈ ಪ್ರಾಣಿ ಸಮುದ್ರದ ನೀರಿನಿಂದ ಸುಣ್ಣ ತಗೊಂಡು ತನ್ನ ಕೆಳಗೆ ಗಟ್ಟಿ ಪೀಠ ಕಟ್ಟಿಕೊಳ್ಳುತ್ತೆ. ಲಕ್ಷಾಂತರ ಪ್ರಾಣಿ, ಸಾವಿರಾರು ವರ್ಷ, ಒಂದರ ಮೇಲೊಂದು ಪೀಠ. ಅದೇ ದಿಬ್ಬ. ಗುಂಡಗೆ ಬೆಳೆಯುವ ಜಾತಿಗಳು ವರ್ಷಕ್ಕೆ ಸುಮಾರು 1 ಸೆಂ.ಮೀ. ಬೆಳೆದರೆ ಹೆಚ್ಚು, ಅದೇ ವರ್ಷದಲ್ಲಿ ಐದು ವರ್ಷದ ಮಗು ಐದಾರು ಸೆಂ.ಮೀ. ಬೆಳೆದಿರುತ್ತೆ. ಗೋಡೆಗೆ ಒರಗಿಸಿ ಗೀಟು ಎಳೆದು ತೋರಿಸಬಹುದು.

ಸುಣ್ಣವನ್ನ ಹುಡುಕೋಕೂ ದೂರ ಹೋಗಬೇಕಿಲ್ಲ. ಶಾಲೆಯಲ್ಲಿ ಕೊಡುವ ಮೊಟ್ಟೆಯ ಚಿಪ್ಪಿನಲ್ಲೂ ಹವಳದ ಪೀಠದಲ್ಲೂ ಇರೋದು ಮುಖ್ಯವಾಗಿ ಒಂದೇ ಪದಾರ್ಥ, ಕ್ಯಾಲ್ಸಿಯಂ ಕಾರ್ಬೊನೇಟ್. ಚಿಪ್ಪಿನ ಮೇಲೆ ನಿಂಬೆರಸ ಹಿಂಡಿದರೆ ಗುಳ್ಳೆ ಏಳುತ್ತೆ. ಈ ಹೆಸರು ಮಗುವಿಗೆ ಬೇಡ, ಗುಳ್ಳೆ ಸಾಕು.

ಊರು ಅನ್ನೋದು ಅರ್ಥವಾಗೋಕೆ ಶಿರಾ ತಾಲ್ಲೂಕಿನ ಕಗ್ಗಲಡು ಇದೆ. ಊರೊಳಗಿನ ಹುಣಸೆ ಮರಗಳ ತುಂಬಾ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರಿನವರು ಅವನ್ನ ಕಾಪಾಡಿಕೊಂಡು ಬಂದಿದ್ದಾರೆ. ಮರ ಹೋದರೆ ಕೊಕ್ಕರೆ ಎಲ್ಲಿ ಹೋಗುತ್ತೆ ಅಂತ ಆ ಊರಿನ ಮಗುವನ್ನ ಕೇಳಿ, ಉತ್ತರ ತಕ್ಷಣ ಬರುತ್ತೆ. ಸಮುದ್ರತಳದಲ್ಲಿ ಶೇಕಡಾ 1ಕ್ಕಿಂತ ಕಮ್ಮಿ ಜಾಗದ ಹವಳದ ದಿಬ್ಬಗಳನ್ನ ಕಡಲಜೀವಿಗಳಲ್ಲಿ ಸುಮಾರು ಕಾಲು ಭಾಗ ಜಾತಿಗಳು ನೆಚ್ಚಿಕೊಂಡಿವೆ ಅನ್ನೋ ಲೆಕ್ಕ ಆಮೇಲೆ ದೊಡ್ಡ ಕ್ಲಾಸಿಗೆ ಹೇಳಿದರಾಯ್ತು. ಹಾಗೇ ಲಕ್ಷದ್ವೀಪದ್ದೂ ಹೇಳಬಹುದು. ಅಲ್ಲಿ ಮಕ್ಕಳು ಆಡುವ ನೆಲವೇ ಹವಳ ಕಟ್ಟಿದ್ದು. ಅದರಲ್ಲಿ ಅಮಿನಿದಿವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.

ಇನ್ನು ಕೊನೇ ಪುಟ. ಇಂಥಾ ಪುಸ್ತಕಗಳೆಲ್ಲ "ಸಮುದ್ರ ಉಳಿಸೋಣ" ಅಂತ ಮುಗಿಯುತ್ತವೆ. ಅಪಾಯ ಸುಳ್ಳಲ್ಲ. ಹವಳದ ಬಣ್ಣ ಹೆಚ್ಚಾಗಿ ಅದರ ಮೈಯೊಳಗೆ ಬಾಡಿಗೆಗಿರುವ ಪಾಚಿಯದ್ದು. ಊಟದ ದೊಡ್ಡ ಪಾಲೂ ಆ ಪಾಚಿಯೇ ಕೊಡೋದು. ನೀರು ವಾಡಿಕೆಗಿಂತ ಹೆಚ್ಚು ಬಿಸಿಯಾಗಿ ವಾರಗಟ್ಟಲೆ ಹಾಗೇ ಇದ್ದರೆ ಪಾಚಿ ಹೊರಬೀಳುತ್ತೆ, ಹವಳ ಬಿಳಿಚಿಕೊಳ್ಳುತ್ತೆ. ನೀರು ಬೇಗ ತಣಿದರೆ ಚೇತರಿಸಿಕೊಳ್ಳಬಹುದು, ಇಲ್ಲದಿದ್ದರೆ ಹಸಿದು ಸಾಯುತ್ತೆ. ಜಗತ್ತಿನ ನಾಲ್ಕನೇ ಮಹಾ ಬಿಳಿಚುವಿಕೆ ನಡೀತಿದೆ ಅಂತ ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಸಾರಿದರು. ಆದರೆ ಅದನ್ನ ಉಳಿಸುವ ಹೊಣೆಯನ್ನ ಪಾವಗಡದಲ್ಲಿ ಕುಡಿಯೋ ನೀರಿಗೆ ಬಿಂದಿಗೆ ಹಿಡಿದು ಸಾಲಲ್ಲಿ ನಿಂತ ಆರು ವರ್ಷದ ಮಗುವಿನ ತಲೆ ಮೇಲೆ ಹೊರಿಸೋದು ಅನ್ಯಾಯ. ಸಮುದ್ರ ಬಿಸಿ ಮಾಡಿದ್ದು ಆ ಮಗುವಲ್ಲ. ಅದಕ್ಕೆ ಇನ್ನೂ ಸಮುದ್ರದ ಗೆಳೆತನವೇ ಆಗಿಲ್ಲ, ಆಗಲೇ ಸೂತಕದ ಸುದ್ದಿ ಹೇಳ್ತೀವಿ.

ಅದಕ್ಕೇ ಹವಳದ ಪುಸ್ತಕ ಕೈಗೆ ಬಂದರೆ ನಾನು ಬಣ್ಣ ನೋಡಲ್ಲ, ಎರಡೇ ವಿಷಯ ನೋಡ್ತೀನಿ. ಹವಳ ಬದುಕಿರೋ ಪ್ರಾಣಿ ಅಂತ ಅದರಲ್ಲಿ ಇದೆಯಾ? ಪುಸ್ತಕ ಮುಚ್ಚಿದ ಮೇಲೆ ಮಗು ಹೊರಗೆ ಹೋಗಿ ನೋಡುವಂಥದ್ದು, ಮುಟ್ಟುವಂಥದ್ದು ಏನಾದರೂ ಉಳಿಯುತ್ತಾ? ಎರಡಕ್ಕೂ ಹೌದು ಅನ್ನುವ, ನಮ್ಮ ಸೀಮೆಯ ಕನ್ನಡದಲ್ಲಿ ಮಾತಾಡುವ ಪುಸ್ತಕ ನನ್ನ ಕಣ್ಣಿಗಿನ್ನೂ ಬಿದ್ದಿಲ್ಲ. ಯಾರಾದರೂ ಬರೆಯೋರಿದ್ದರೆ ಮುಖಪುಟದಲ್ಲಿ ಡಾಲ್ಫಿನ್ ಹಾಕಬೇಡಿ. ಮೊಟ್ಟೆ ಚಿಪ್ಪು ಹಾಕಿ.