ಗೋಡೆ ದಾಟಿದರೆ ಗಾಜು

ಕೊಚ್ಚಿಯಲ್ಲಿ ನೆಟ್‌ವರ್ಕ್ ಕೆಲಸದವರ ಗಡಿಬಿಡಿ ನೋಡಬೇಕಾದರೆ ತುಲಾ ಮಾಸದ ಮಧ್ಯಾಹ್ನ ಹೋಗಬೇಕು. ಜೂನಿನ ಮಳೆಗೆ ಅವರು ಅಂಜುವುದಿಲ್ಲ. ಅಕ್ಟೋಬರ್ ಮಳೆ ಸಿಡಿಲು ಕಟ್ಟಿಕೊಂಡೇ ಬರುತ್ತದೆ. ಸಿಡಿಲು ನೇರ ಬಡಿಯಬೇಕೆಂದೇನೂ ಇಲ್ಲ. ಹತ್ತಿರದಲ್ಲೆಲ್ಲೋ ಬಿದ್ದರೂ ಸಾಕು, ಎರಡು ಕಟ್ಟಡಗಳ ಅರ್ಥಿಂಗ್ ನಡುವೆ ವೋಲ್ಟೇಜ್ ಏರುಪೇರಾಗಿ, ನಡುವೆ ಎಳೆದ ತಾಮ್ರದ ಕೇಬಲ್ಲಿನಲ್ಲೇ ಹರಿದು ಬಂದು ಸ್ವಿಚ್ಚಿನ ಪೋರ್ಟುಗಳನ್ನು ಸುಟ್ಟುಹಾಕುತ್ತದೆ.

ಹಾಗಾಗಿ ಗೋಡೆಯೊಳಗೆ ತಾಮ್ರ, ಗೋಡೆ ದಾಟಿದರೆ ಫೈಬರ್ ಎಂಬುದು ನನ್ನ ಹಟ. ತಾಮ್ರಕ್ಕೆ 100 ಮೀಟರ್ ಮಿತಿ: ಗೋಡೆಯೊಳಗೆ 90, ಎರಡು ತುದಿಯ ಪ್ಯಾಚ್ ಕಾರ್ಡುಗಳಿಗೆ 10. ತಿರುವನಂತಪುರದ ಟೆಕ್ನೋಪಾರ್ಕಿನಷ್ಟು ಹರಡಿದ ಆವರಣದಲ್ಲಿ ಆ ಮಿತಿಯೇ ಫೈಬರ್ ಹಾಕಿಸುತ್ತದೆ. ಜಗಳ ಇರುವುದು ಅಂಗಳದಾಚೆಯ 20 ಮೀಟರಿಗೆ. ಅಲ್ಲೂ ಕರೆಂಟು ಹರಿಯದ ಫೈಬರಿನ ಗಾಜೇ ಬೇಕು, ಅದರೊಳಗೆ ಆಸರೆಯ ಉಕ್ಕಿನ ತಂತಿ ಇರಕೂಡದು.

ತಾಮ್ರವನ್ನು ನಾನು ಹಳಿಯುತ್ತಿಲ್ಲ. ಕ್ಯಾಮೆರಾಕ್ಕೂ ವೈಫೈ ಪೆಟ್ಟಿಗೆಗೂ ಡೇಟಾದ ಜೊತೆ ಕರೆಂಟನ್ನೂ ಒಂದೇ ಕೇಬಲ್ಲಿನಲ್ಲಿ ಒಯ್ಯುವುದು ಅದೇ. ತುದಿಗೆ ಕನೆಕ್ಟರ್ ಒತ್ತುವ ಕ್ರಿಂಪಿಂಗಿನಲ್ಲಿ ಕೈ ಪಳಗಿದವರನ್ನು ನೋಡುವುದೇ ಒಂದು ಸುಖ: ಕಿತ್ತಳೆ ಬಿಳಿ, ಕಿತ್ತಳೆ, ಹಸಿರು ಬಿಳಿ, ನೀಲಿ, ನೀಲಿ ಬಿಳಿ, ಹಸಿರು, ಕಂದು ಬಿಳಿ, ಕಂದು. ಎಂಟೂ ತಂತಿ ಹೆಬ್ಬೆರಳಿನಡಿ ಸಾಲಾಗಿ ಮಲಗುತ್ತವೆ. ಹೊಸೆತ ಬಿಚ್ಚುವುದು ಅರ್ಧ ಇಂಚಿಗಿಂತ ಹೆಚ್ಚಿಲ್ಲ. ಹೊಸೆತವೇ ಗದ್ದಲ ತಡೆಯುವುದು, ಅದನ್ನು ಉದ್ದಕ್ಕೂ ಬಿಚ್ಚಿಟ್ಟು ವೇಗವಿಲ್ಲ ಎಂದರೆ ಹೇಗೆ? ಅಂದಹಾಗೆ, ತಾಮ್ರ ಸವರಿದ ಅಲ್ಯೂಮಿನಿಯಂ ಕೇಬಲ್ಲು ಅಗ್ಗಕ್ಕೆ ಸಿಗುತ್ತದೆ. ಬೇಡ.

ಫೈಬರಿಗೆ ಬೇರೆಯೇ ಮಡಿ. ಸಿಂಗಲ್ ಮೋಡಿನ ಗಾಜಿನ ತಿರುಳು ಸುಮಾರು 9 ಮೈಕ್ರಾನ್, ಕಣ್ಣಿಗೆ ಕಾಣದ ಧೂಳೊಂದು ಕೂತರೂ ಬೆಳಕು ಸೋರುತ್ತದೆ. ಹಾಕುವ ಮುನ್ನ ಪ್ರತಿಸಲ ಒರೆಸಿ. ಹಸಿರು ಕನೆಕ್ಟರಿನ ತುದಿ 8 ಡಿಗ್ರಿ ಓರೆ, ನೀಲಿಯದು ಹಾಗಲ್ಲ. ಎರಡನ್ನೂ ಜೋಡಿಸಿದರೆ ಬೆಳಕು ಸಾಲದೆ ಪರದಾಡುತ್ತೀರಿ. ತಾಮ್ರದಲ್ಲಿ ಕಳಿಸುವ, ಪಡೆಯುವ ಜೋಡಿ ಅದಲುಬದಲಾದರೆ ಇಂದಿನ ಸ್ವಿಚ್ಚು ತಾನೇ ಸರಿಪಡಿಸಿಕೊಳ್ಳುತ್ತದೆ. ಎರಡೆಳೆಯ ಫೈಬರಿನಲ್ಲಿ ನೀವೇ ತಿರುಗಿಸಿ ಹಾಕಬೇಕು.

ದಕ್ಷಿಣ ಆಫ್ರಿಕಾದಿಂದ ಮಲೇಷ್ಯಾಕ್ಕೆ ಹೋಗುವ ಸೇಫ್ ಎಂಬ ಸಮುದ್ರದಡಿಯ ಫೈಬರ್ ಕೇಬಲ್ ಭಾರತದಲ್ಲಿ ದಡ ಹತ್ತುವುದು ಕೊಚ್ಚಿಯಲ್ಲೇ. ಅಂಥ ಸಮುದ್ರ ಕೇಬಲ್ಲಿನಲ್ಲೂ ರಿಪೀಟರುಗಳಿಗೆ ಕರೆಂಟು ಒಯ್ಯಲು ಲೋಹ ಬೇಕು! ಸಾಗರಕ್ಕೆ ಆ ರಿಯಾಯಿತಿ ಕೊಡೋಣ. ನೆಲದ ಮೇಲೆ, 2023ರ ಜೂನ್ 5ರಂದು ಉದ್ಘಾಟನೆಯಾದ ಕೇರಳ ಸರ್ಕಾರದ ಇಂಟರ್ನೆಟ್ ಜಾಲ ಕೆ-ಫೋನ್, ವಿದ್ಯುತ್ ಮಂಡಳಿಯ ಕಂಬಗಳ ಮೇಲೆ ಫೈಬರ್ ಎಳೆದಿದೆ, 30,000 ಸರ್ಕಾರಿ ಕಚೇರಿಗಳ ಗುರಿಯಿಟ್ಟು. ಅಷ್ಟು ದೂರ ಬಂದ ಗಾಜಿನ ಎಳೆ ಕಚೇರಿಯಲ್ಲಿ ನಿಂತ ಮೇಲೆ, ಯಾರೋ ಏಣಿ ಹಾಕಿ ಕಿಟಕಿಯಿಂದ ಪಕ್ಕದ ಕಟ್ಟಡಕ್ಕೆ ನೀಲಿ ತಾಮ್ರದ ಕೇಬಲ್ ಎಸೆಯುತ್ತಾರೆ. ಸ್ವಿಚ್ಚಿಗೆ ಫೈಬರ್ ಸಿಕ್ಕಿಸುವ ಎರಡು ಎಸ್‌ಎಫ್‌ಪಿ ಮಾಡ್ಯೂಲು, ಒಂದು ಸಣ್ಣ ಫೈಬರ್ ತುಂಡು ಕೇಳಿದರೆ ಖರ್ಚು ಜಾಸ್ತಿ ಎನ್ನುತ್ತಾರೆ. ನವೆಂಬರಿನಲ್ಲಿ ಹೊಸ ಸ್ವಿಚ್ಚಿಗೆ ಟೆಂಡರ್ ಕರೆಯುತ್ತಾರೆ.